ಅಪ್‌ಡೇಟ್: ಟೆನಿಸ್ ಪ್ರಾಕ್ಟೀಸ್ ತಪ್ಪಿಸುತ್ತಿದ್ದ ಮಗ ಈಗ ತಾನೇ ಏಳುತ್ತಿದ್ದಾನೆ

ಮೂರು ವಾರದ ಹಿಂದೆ ಕೇಳಿದ್ದೆ: 13 ವರ್ಷದ ಮಗನಿಗೆ ಕೈಯಲ್ಲಿ ಆಟ ಇದೆ, ಆದರೆ ಪ್ರಾಕ್ಟೀಸ್ ಅಂದ್ರೆ ಹೊಟ್ಟೆನೋವು, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಹೊಸ ರಾಕೆಟ್‌ನ ಹುರುಪು ನಾಲ್ಕೇ ದಿನಕ್ಕೆ ಮುಗಿಯಿತು. ಕೋಚ್ ಬದಲಿಸಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು, "ಮನೆಗೆ ಬರುವಾಗ ಕಾರಲ್ಲಿ ಆಟದ ಮಾತೇ ಎತ್ತಬೇಡಿ" ಅಂದಿದ್ದರಲ್ಲ, ಅದು. ಮೊದಲೆರಡು ದಿನ ನನಗೇ ಕಷ್ಟವಾಯಿತು. ಐದನೇ ದಿನ ಅವನೇ ಬಾಯಿಬಿಟ್ಟ: "ಅಪ್ಪಾ, ಡಬಲ್ ಫಾಲ್ಟ್ ಆದಾಗೆಲ್ಲ ನಿನ್ನ ಮುಖ ನೋಡ್ತಿದ್ದೆ." (ಎರಡು ಸರ್ವ್‌ಗಳೂ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದೇ ಡಬಲ್ ಫಾಲ್ಟ್.) ಎದೆಗೆ ಚುಚ್ಚಿತು. ಬೇಲಿ ಹಿಡಿದು ನಿಂತು ನಾನು ತಲೆ ಅಲ್ಲಾಡಿಸುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಈಗ ಕೋರ್ಟಿಗೆ ಬಿಟ್ಟು ಬರುತ್ತೇನೆ, ಅಷ್ಟೇ. ಐದೂವರೆಗೆ ತಾನೇ ಎದ್ದು ಶೂ ಲೇಸ್ ಕಟ್ಟುತ್ತಾನೆ. ಸರ್ವ್ ಬೀಳಬೇಕಾದ ಚೌಕ, ಅಂದರೆ ಸರ್ವಿಸ್ ಬಾಕ್ಸ್‌ನ ಮೂಲೆಯಲ್ಲಿ ಖಾಲಿ ಬಾಲ್ ಡಬ್ಬ ಇಟ್ಟು, ಹತ್ತು ಸಲ ತಗುಲುವವರೆಗೂ ಸರ್ವ್ ಮಾಡುತ್ತಾನೆ.

ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43 ಅಂತ ನೆನಪಿಸಿದವರಿಗೆ ದೊಡ್ಡ ಥ್ಯಾಂಕ್ಸ್. ನನ್ನ ಆತುರ ಇಳಿದದ್ದು ಅದರಿಂದಲೇ.

ಹೋದ ಭಾನುವಾರ ಎರಡನೇ ರೌಂಡಲ್ಲಿ ಸೋತ. ಕಾರಲ್ಲಿ ಕೂತು ದೋಸೆ ಕೇಳಿದ. ಕೊಡಿಸಿದೆ.