ಜೊಜಿಲಾದ ಟ್ಯಾಂಕು, 1959ರ ರಾಜೀನಾಮೆ: ತಿಮ್ಮಯ್ಯನವರ ಬಗ್ಗೆ ಎರಡು ಅನುಮಾನ

ಪ್ರಶ್ನೆ:
ಹೈಸ್ಕೂಲು ಮಕ್ಕಳಿಗಾಗಿ ಜನರಲ್ ಕೆ.ಎಸ್. ತಿಮ್ಮಯ್ಯನವರ ಎರಡು ಪುಟದ ಪರಿಚಯ ಬರೆಯಬೇಕಿದೆ. ಎರಡು ಕಡೆ ತೊಡಕು. 1948ರಲ್ಲಿ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೊಜಿಲಾ ಕಣಿವೆಮಾರ್ಗಕ್ಕೆ ಟ್ಯಾಂಕು ಹತ್ತಿಸಿದ್ದು ಹೇಗೆ? ಆಗ ಅಲ್ಲಿ ರಸ್ತೆಯೇ ಇರಲಿಲ್ಲವಲ್ಲ. ಇನ್ನೊಂದು, ‘ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಮನಸ್ತಾಪವಾಗಿ ರಾಜೀನಾಮೆ ಕೊಟ್ಟು ಹೋದರು’ ಅಂತ ಬರೆದರೆ ಸರಿಯೇ?

ಉತ್ತರ 1:
ಕಣಿವೆಮಾರ್ಗದ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವಷ್ಟು ಅಗಲದ ದಾರಿ. ಸೈನ್ಯದ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನವರು ಬಂಡೆ ಸಿಡಿಸಿ ಅದನ್ನು ಟ್ಯಾಂಕು ಹಿಡಿಸುವಷ್ಟು ಅಗಲ ಮಾಡಿದರು. ಏಳನೇ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳು ಹಗುರ ಜಾತಿಯವು, ಸುಮಾರು 15 ಟನ್ ತೂಕ, 37 ಮಿ.ಮೀ. ತೋಪು. ಶ್ರೀನಗರಕ್ಕೆ ಸಾಗಿಸುವಾಗ ಟರೆಟ್ (ತೋಪು ಕೂರಿಸಿದ ಮೇಲ್ಭಾಗ) ಕಳಚಿ, ಮೇಲೆ ಹೊದಿಕೆ ಹಾಕಿದ್ದರು. ಸೇತುವೆಗಳಿಗೆ ಭಾರ ಕಡಿಮೆಯಾಗಬೇಕಿತ್ತು, ನೋಡಿದವರಿಗೆ ಅದು ಟ್ಯಾಂಕೆಂದು ಗೊತ್ತೂ ಆಗಬಾರದಿತ್ತು.

ಇಷ್ಟೆಲ್ಲ ಯಾಕೆಂದರೆ ಸೆಪ್ಟೆಂಬರಿನಲ್ಲಿ ಬರೀ ಕಾಲಾಳುಗಳನ್ನು ಮುಂದೆ ಬಿಟ್ಟ ದಾಳಿ ಕೈಕೊಟ್ಟಿತ್ತು. ಎರಡೂ ಬದಿಯ ಬಂಡೆಸಂದಿಯಲ್ಲಿ ಪಾಕಿಸ್ತಾನ ಕಡೆಯವರ ಮಷಿನ್‌ಗನ್ನು, ಮಧ್ಯೆ ಮರೆಯೇ ಇಲ್ಲದ ಬಯಲು. ನವೆಂಬರ್ 1ರಂದು ಟ್ಯಾಂಕುಗಳು ಹತ್ತಿರಕ್ಕೇ ಹೋಗಿ ಆ ಬಂಕರುಗಳ ಮೇಲೆ ಗುಂಡು ಹಾರಿಸಿದವು. ಅಂದೇ ಕಣಿವೆಮಾರ್ಗದ ಆಚೆಯ ಗುಮ್ರಿ ಕೈಸೇರಿತು. ಆಮೇಲೆ ದ್ರಾಸ್, ಕಾರ್ಗಿಲ್. ನವೆಂಬರ್ 24ಕ್ಕೆ ಲೇಹ್ ಕಡೆಯಿಂದ ಬಂದ ಪಡೆಯ ಕೈ ಕೂಡಿತು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ತಿಮ್ಮಯ್ಯನವರೇ ಟ್ಯಾಂಕಿನಲ್ಲಿ ಕೂತಿದ್ದರು ಅನ್ನುವುದು ಉತ್ಪ್ರೇಕ್ಷೆ ಇರಬೇಕು ಅಲ್ಲವೇ?

ಉತ್ತರ 1:
ಅಲ್ಲ, ಧಾರಾಳವಾಗಿ ಬರೆಯಿರಿ. ಆಗ ಡಿವಿಷನ್ ಕಮಾಂಡರ್ ಆಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರೇ ಮುಂಚೂಣಿ ಟ್ಯಾಂಕಿನಲ್ಲಿದ್ದರು. ಅವರು ಹಾಗೆ ಮಾಡಬಾರದಿತ್ತು ಅನ್ನುವವರೂ ಇದ್ದಾರೆ, ಅದು ಬೇರೆ ಮಾತು.

ಉತ್ತರ 2:
ರಾಜೀನಾಮೆ ವಾಕ್ಯ ತಿದ್ದಿ. 1959ರ ಆಗಸ್ಟ್ 31ರಂದು ಕೊಟ್ಟರು, ನೆಹರೂ ಮನವೊಲಿಸಿದ ಮೇಲೆ ಹಿಂಪಡೆದರು. ಬಡ್ತಿ ವಿಷಯದಲ್ಲಿ ಮೆನನ್ ಕೈಹಾಕಿದ್ದು ಜಗಳದ ಮುಖ್ಯ ಕಾರಣಗಳಲ್ಲೊಂದು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ನೆಹರೂ ಮೆನನ್ ಪರ ನಿಂತರು. ಹಿಂಪಡೆದವರ ಮರ್ಯಾದೆಗೆ ಅದು ಒಳ್ಳೆ ಪೆಟ್ಟೇ. ಆದರೂ ದಂಡನಾಯಕರಾಗಿ ಅವಧಿ ಪೂರ್ತಿ ಮುಗಿಸಿದರು: 1957ರ ಮೇ 8ರಿಂದ 1961ರ ಮೇ 7. ತಮ್ಮ ನಂತರ ಜನರಲ್ ಥೋರಟ್ ಬರಲಿ ಅಂದಿದ್ದರು, ಬಂದದ್ದು ಜನರಲ್ ಥಾಪರ್. ಹಾಗಾಗಿ 1962ರ ಚೀನಾ ಯುದ್ಧಕ್ಕೆ ತಿಮ್ಮಯ್ಯನವರನ್ನು ಹೊಣೆ ಮಾಡಲೂ ಬೇಡಿ.

ಉತ್ತರ 3:
ಎರಡು ಮಾತು ಸೇರಿಸುತ್ತೇನೆ. ತಿಮ್ಮಯ್ಯನವರಂತೆ ಕಾರ್ಯಪ್ಪನವರೂ ಕೊಡಂದೇರ ಮನೆತನದವರೇ, ಅದಕ್ಕೇ ಫೋಟೊ ಅದಲುಬದಲಾಗುತ್ತದೆ. ಇಬ್ಬರಲ್ಲಿ ಫೀಲ್ಡ್ ಮಾರ್ಷಲ್ ಆದವರು ಕಾರ್ಯಪ್ಪ ಮಾತ್ರ.

ನಿವೃತ್ತಿಯಲ್ಲೇ ಕಥೆ ಮುಗಿಸಬೇಡಿ. 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ಶಾಂತಿಪಡೆಯ ಮುಖ್ಯಸ್ಥರನ್ನಾಗಿ ಕರೆಯಿತು. 1965ರ ಡಿಸೆಂಬರ್ 18ರಂದು ಅಲ್ಲೇ, ಹುದ್ದೆಯಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಸಮಾಧಿ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿದೆ. ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಿಂದ ಮ್ಯೂಸಿಯಂ. ಮಕ್ಕಳನ್ನು ಕರೆದುಕೊಂಡು ಹೋಗಬಹುದು.