ಕಾಡುಹಂದಿ ಕಾಟ: ಭಾನುವಾರ ಎಲ್ಲರೂ ಪಹಣಿ ಹಿಡಿದುಕೊಂಡು ಬನ್ನಿ

ಗದ್ದೆಮನೆ: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹೊಳೆಬದಿ ಮನೆಯವರ ಗದ್ದೆಗೆ ಮತ್ತೆ ಹಂದಿ ಹಿಂಡು ನುಗ್ಗಿದೆ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಕೊಯ್ಲಿಗೆ ಬಂದ ಭತ್ತ ಪೂರ್ತಿ ನೆಲಕ್ಕೆ ಮಲಗಿದೆ. ತೆನೆ ಜಗಿದು ಹೊಟ್ಟನ್ನು ಉಂಡೆ ಉಂಡೆಯಾಗಿ ಉಗುಳಿವೆ. ಬದುವಿನಲ್ಲಿ ಎರೆಹುಳ ಹುಡುಕಿ ಅಗೆದು, ಅಲ್ಲಿಂದ ನೀರು ಕೆಳಗಿನ ಗದ್ದೆಗೆ ಹರಿಯುತ್ತಿದೆ. ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಜಾಸ್ತಿ.

ವರ್ಷ ವರ್ಷ ಊರಿನ ಈ ಗ್ರೂಪಿನಲ್ಲಿ ಫೋಟೋ ಹಾಕುತ್ತೇವೆ, ಬೇಸರ ಮಾಡಿಕೊಳ್ಳುತ್ತೇವೆ, ಸುಮ್ಮನಾಗುತ್ತೇವೆ. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟವರು ಬೆರಳೆಣಿಕೆಯಷ್ಟು. ಅರ್ಜಿ ಇಲ್ಲ ಅಂದರೆ ಸರ್ಕಾರದ ಕಡತದಲ್ಲಿ ನಮ್ಮೂರಿಗೆ ಹಂದಿಯೇ ಬಂದಿಲ್ಲ ಅಂತ ಅರ್ಥ, ಅಲ್ವಾ?

ಈ ಸಲ ಸುಮ್ಮನಿರಬಾರದು ಅನ್ನುವುದಕ್ಕೆ ಕಾರಣ ಇದೆ. 2025ರ ನವೆಂಬರ್ 18ರಂದು ಕೇಂದ್ರ ಕೃಷಿ ಸಚಿವಾಲಯ ಒಂದು ಪ್ರಕಟಣೆ ಕೊಟ್ಟಿದೆ. 2026ರ ಮುಂಗಾರಿನಿಂದ ಫಸಲ್ ಬಿಮಾ ಅನ್ನುವ ಬೆಳೆ ವಿಮೆ ಯೋಜನೆಯಲ್ಲಿ ಕಾಡುಪ್ರಾಣಿ ಹಾವಳಿಗೂ ವಿಮೆ ಸಿಗುವ ಹಾಗೆ ಮಾಡಿದ್ದಾರೆ. ಆದರೆ ಎಲ್ಲ ಊರಿಗೂ ತಾನಾಗಿ ಸಿಗುವುದಿಲ್ಲ. ಯಾವ ಪ್ರಾಣಿ, ಯಾವ ಜಿಲ್ಲೆ ಅಥವಾ ಯಾವ ವಿಮಾ ಘಟಕ ಅಂತ ರಾಜ್ಯ ಸರ್ಕಾರ ಪಟ್ಟಿ ಮಾಡಬೇಕು. ಪಟ್ಟಿ ಮಾಡುವುದು ಹಿಂದಿನ ವರ್ಷಗಳ ಹಾನಿಯ ದಾಖಲೆ ನೋಡಿ. ಭತ್ತಕ್ಕೆ ನಮ್ಮಲ್ಲಿ ಘಟಕ ಅಂದರೆ ಗ್ರಾಮ ಪಂಚಾಯ್ತಿ. ಕಾಗದದಲ್ಲಿ ನಮ್ಮ ಪಂಚಾಯ್ತಿಯ ಹಾನಿ ಕಾಣದಿದ್ದರೆ ಪಟ್ಟಿಯಲ್ಲಿ ಹೆಸರು ಹೇಗೆ ಬರುತ್ತದೆ?

ಹೊಳೆಬದಿ ಮನೆ: ಅಣ್ಣಾ, ನಾನು ಹೋದ ವರ್ಷ ಅರ್ಜಿ ಕೊಟ್ಟಿದ್ದೆ. ಅರಣ್ಯ ಇಲಾಖೆಯ ಗಾರ್ಡ್ ಬರುವ ಹೊತ್ತಿಗೆ ಕೊಯ್ಲು ಮುಗಿದಿತ್ತು. ಖಾಲಿ ಗದ್ದೆಯಲ್ಲಿ ಏನು ತೋರಿಸಲಿ? ಸ್ಥಳ ನೋಡಿ ಹಾನಿ ಬರೆದುಕೊಳ್ಳುವ ಮಹಜರು ಆಗಲೇ ಇಲ್ಲ. ಈಗಲೂ ಕೊಯ್ಲಿನ ಮಿಷನ್‌ಗೆ ನಾಡಿದ್ದು ಅಂತ ಹೇಳಿಯಾಗಿದೆ.

ಗದ್ದೆಮನೆ: ತಮ್ಮಾ, ಚೆನ್ನಾಗಿರುವ ಭಾಗ ಕೊಯ್ದುಕೋ. ಹಂದಿ ಮಲಗಿಸಿದ ಭಾಗ ಮಹಜರು ಆಗುವವರೆಗೆ ಹಾಗೇ ಇರಲಿ. ಇವತ್ತೇ ಬಿಸಿಲಿರುವಾಗ ಫೋಟೋ ತೆಗಿ. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇರಲಿ. ಬರೀ ಭತ್ತದ ಫೋಟೋ ಸಾಲದು. ಹೆಜ್ಜೆ ಗುರುತು, ಒಡೆದ ಬದು, ಪಕ್ಕದ ದೊಡ್ಡ ಮರ, ಎಲ್ಲ ಒಂದೇ ಫೋಟೋದಲ್ಲಿ ಬಂದರೆ ಇದು ಬೇರೆ ಕಡೆಯದು ಅಂತ ಯಾರೂ ಹೇಳಲಾರರು. ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡು. ಗಾರ್ಡ್‌ಗೂ ಹೇಳು. ಫೋನ್ ಮಾಡಿದ ದಿನ, ಹೊತ್ತು ಬರೆದಿಟ್ಟುಕೋ. ಅರ್ಜಿ ಹೋಗಬೇಕಾದದ್ದು ವಲಯ ಅರಣ್ಯಾಧಿಕಾರಿಗೆ. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ, ಫೋಟೋ ಇಟ್ಟು ಕೊಟ್ಟು, ಸ್ವೀಕೃತಿ ಕೇಳಿ ತೆಗೆದುಕೊಂಡು ಬಾ.

ಕಟ್ಟೆಮನೆ: ವಿಮೆಯ ಹೊಸ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಹಾನಿಯಾದ 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಜಿಪಿಎಸ್ ಇರುವ ಫೋಟೋ ಹಾಕಬೇಕು ಅಂತ ನಿಯಮ ಇಟ್ಟಿದ್ದಾರೆ. ಮೂರು ದಿನ ಅಷ್ಟೇ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆ ಗುಡ್ಡದ ಮೇಲೆ. ವಯಸ್ಸಾದವರ ಮನೆಗೆ ಯಾರು ಹೋಗಿ ಹಾಕಿಕೊಡುತ್ತಾರೆ ಅನ್ನುವುದನ್ನು ಈಗಲೇ ಗೊತ್ತು ಮಾಡಬೇಕು.

ಇನ್ನೊಂದು, ಯಾವ ಜಮೀನಿನಲ್ಲಿ ಯಾವ ಬೆಳೆ ಅಂತ ಸರ್ಕಾರ ದಾಖಲಿಸುವ ಬೆಳೆ ಸಮೀಕ್ಷೆ. ಸಮೀಕ್ಷೆಯಲ್ಲಿ ಒಂದು ಬೆಳೆ, ವಿಮೆಯಲ್ಲಿ ಇನ್ನೊಂದು ಬೆಳೆ ಇದ್ದರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಕೆಳಗಿನ ಕೇರಿಯಲ್ಲಿ ಭತ್ತದ ಗದ್ದೆಯನ್ನು ಪಾಳು ಅಂತ ಹಾಕಿ ಹೋದದ್ದು ಗೊತ್ತಲ್ಲ. ನಿಮ್ಮ ನಿಮ್ಮ ಸರ್ವೆ ನಂಬರಿನ ಎದುರು ಏನಿದೆ ಅಂತ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ತೋಟದಮನೆ: ಅಡಿಕೆಗೂ ಇದು ಬರುತ್ತದೆಯೇ? ಎರಡು ವರ್ಷದ ಸಸಿಗಳನ್ನು ಬುಡ ಸಮೇತ ಎಬ್ಬಿಸಿ ಹಾಕಿವೆ.

ಕಟ್ಟೆಮನೆ: ಇಲ್ಲ ಭಾವ. ಅಡಿಕೆ, ಕಾಳುಮೆಣಸಿಗೆ ನಾವು ಕಟ್ಟುವುದು ಹವಾಮಾನ ಆಧಾರಿತ ವಿಮೆ. ಅದು ಮಳೆ, ಬಿಸಿಲಿನ ಲೆಕ್ಕದ ಮೇಲೆ ಕೊಡುವ ದುಡ್ಡು. ಸಸಿಗೆ ಅರಣ್ಯ ಇಲಾಖೆಯ ಪರಿಹಾರವೇ ದಾರಿ. ಕಿತ್ತ ಸಸಿಗಳನ್ನು ಎಣಿಸಿ ಫೋಟೋ ತೆಗೆದಿಡಿ, ಬೇಗ ಎತ್ತಿ ಬಿಸಾಡಬೇಡಿ.

ಮೇಲಿನಕೇರಿ: ಇಷ್ಟೆಲ್ಲ ಯಾಕೆ? ನನ್ನ ಹತ್ತಿರ ಬೆಳೆ ರಕ್ಷಣೆ ಕೋವಿ ಇದೆ, ಲೈಸೆನ್ಸ್ ಇದೆ. ಎರಡು ಹಂದಿ ಬಿದ್ದರೆ ಉಳಿದವು ಈ ಕಡೆ ತಲೆ ಹಾಕುವುದಿಲ್ಲ.

ಗದ್ದೆಮನೆ: ಗೌಡ್ರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕೋವಿಯ ಲೈಸೆನ್ಸ್ ಬೇರೆ, ಹಂದಿ ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಬರಹದಲ್ಲಿ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. 11ನೇ ಕಲಮಿನಲ್ಲಿ ಅದಕ್ಕೆ ದಾರಿ ಇದೆ. ಕೇರಳದವರು 2022ರಲ್ಲಿ ಆ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೇ ಇಳಿಸಿದರು. ಹಂದಿಯನ್ನು ಉಪದ್ರವಿ ಅಂತ ಘೋಷಿಸಿ ಕಾಯ್ದೆಯ ರಕ್ಷಣೆ ತೆಗೆಯುವುದು ಮಾತ್ರ ಕೇಂದ್ರದ ಕೈಯಲ್ಲಿದೆ. 2016ರಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಿಗೆ ಒಂದು ವರ್ಷದ ಮಟ್ಟಿಗೆ ಹಾಗೆ ಮಾಡಿದ್ದರು. ನಮಗೂ ಬೇಕು ಅಂದರೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳೋಣ. ಬೆಳಕಿನಲ್ಲಿ ಕೇಳೋಣ. ರಾತ್ರಿ ಒಬ್ಬರೇ ಹೋಗಿ ಹೊಡೆದರೆ ಕೇಸು ಬೀಳುವುದು ನಿಮ್ಮ ಮೇಲೆ, ಕೋವಿಯೂ ಹೋಗುತ್ತದೆ.

ಶಾಲೆ ಹಿಂದಿನ ಮನೆ: ಬೇಸರದ ವಿಷಯ ಒಂದಿದೆ, ಹೇಳಲೇಬೇಕು. ಅಕೇಶಿಯಾ ತೋಪಿನ ಅಂಚಿನಲ್ಲಿ ಬೈಕಿನ ಬ್ರೇಕ್ ವಯರಿನ ಉರುಳು ಕಟ್ಟಿದ್ದಾರೆ. ನಮ್ಮ ನಾಯಿ ಸಿಕ್ಕಿಹಾಕಿಕೊಂಡಿತ್ತು. ಸೊಂಟದ ಚರ್ಮ ಸುತ್ತಲೂ ಕತ್ತರಿಸಿ ಹೋಗಿದೆ. ಡಾಕ್ಟರ್ ಹೊಲಿಗೆ ಹಾಕಿದ್ದಾರೆ, ಬದುಕುತ್ತದೆ ಅಂದರು. ಮಕ್ಕಳು ಸೌದೆಗೆ, ಮುರುಗಲು ಹೆಕ್ಕಲು ಅದೇ ದಾರಿಯಲ್ಲಿ ಹೋಗುತ್ತಾರೆ.

ಗದ್ದೆಮನೆ: ಯಾರು ಕಟ್ಟಿದ್ದು ಅಂತ ಇಲ್ಲಿ ಕೇಳುವುದಿಲ್ಲ. ಕಟ್ಟಿದವರು ಇವತ್ತು ಸಂಜೆಯೊಳಗೆ ಬಿಚ್ಚಿ. ಹಂದಿಗೆ ಅಂತ ಕಟ್ಟಿದ ಉರುಳಿಗೆ ಚಿರತೆ ಬಿದ್ದು ಸತ್ತದ್ದು ಮಲೆನಾಡಿನಲ್ಲಿ ಎಷ್ಟು ಸಲ ಆಗಿಲ್ಲ? ಚಿರತೆ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರುವ ಒಂದನೇ ಪಟ್ಟಿಯ ಪ್ರಾಣಿ. ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಅದಕ್ಕಿಂತ ಹೆಚ್ಚಾಗಿ, ಹಂದಿಮರಿ ಹಿಡಿದು ತಿನ್ನುವ ಪ್ರಾಣಿಯನ್ನೇ ಕೊಂದು ಹಂದಿ ಜಾಸ್ತಿಯಾಯಿತು ಅಂತ ಅತ್ತರೆ ಏನು ಬಂತು? ಪಂಪ್‌ಸೆಟ್ ಲೈನಿನಿಂದ ತಂತಿಗೆ ನೇರ ಕರೆಂಟ್ ಕೊಡುವ ಮಾತೂ ಕೇಳಿಬಂತು. ದಯವಿಟ್ಟು ಬೇಡ. ಕತ್ತಲೆಯಲ್ಲಿ ನೀರು ಕಟ್ಟಲು ಹೋಗುವವರು ನಮ್ಮವರೇ.

ತೋಟದಮನೆ: ಹಾಗಾದರೆ ಸೋಲಾರ್ ಬೇಲಿಯೇ ಗತಿ. ನನ್ನ ತೋಟಕ್ಕೆ ನಾನು ಹಾಕಿಸುತ್ತೇನೆ.

ಗದ್ದೆಮನೆ: ಭಾವ, ನೀವೊಬ್ಬರೇ ಹಾಕಿದರೆ ಹಂದಿ ಪಕ್ಕದವರ ಗದ್ದೆಗೆ ಇಳಿಯುತ್ತದೆ, ಅಷ್ಟೇ. ಅವರು ಹಾಕಿದರೆ ಅದರಾಚೆಯವರಿಗೆ. ನನ್ನ ಗಟ್ಟಿ ಅಭಿಪ್ರಾಯ ಇದು: ತೋಪಿನ ಅಂಚಿನಿಂದ ಹೊಳೆಯವರೆಗೆ ಒಂದೇ ಬೇಲಿ, ಎಲ್ಲರದ್ದೂ. ಸಹಾಯಧನಕ್ಕೂ ಒಟ್ಟಾಗಿ ಕೇಳಿದರೆ ತೂಕ ಬರುತ್ತದೆ. ಸೋಲಾರ್ ಬೇಲಿಯಲ್ಲಿ ಕರೆಂಟ್ ಬಿಟ್ಟು ಬಿಟ್ಟು ಹರಿಯುತ್ತದೆ, ಹೊಡೆತ ಜೋರು, ಜೀವ ತೆಗೆಯುವುದಿಲ್ಲ. ಆದರೆ ಆನೆಗೆ ಹಾಕುವ ಎತ್ತರದಲ್ಲಿ ಹಾಕಿದರೆ ಹಂದಿ ಕೆಳಗೆ ನುಸುಳುತ್ತದೆ. ಕೆಳಗಿನ ಎಳೆ ನೆಲದಿಂದ ಗೇಣಿನೊಳಗೇ ಇರಬೇಕು. ಅಷ್ಟು ಕೆಳಗೆ ಇದ್ದರೆ ಮಳೆಗಾಲದಲ್ಲಿ ಹುಲ್ಲು ತಾಗುತ್ತದೆ, ಕರೆಂಟ್ ಭೂಮಿಗೆ ಸೋರುತ್ತದೆ. ಹಾಕಿ ಎರಡನೇ ಮಳೆಗಾಲಕ್ಕೆ ಬೇಲಿಗಳು ಸಾಯುವುದು ಹೀಗೆಯೇ. ಆದ್ದರಿಂದ ತಂತಿಯ ದುಡ್ಡಿಗಿಂತ ಮೊದಲು ಕಳೆ ಸವರುವ ಸರದಿ ಬರೆಯೋಣ. ಯಾವ ಮನೆಗೆ ಯಾವ ಕಂಬದಿಂದ ಯಾವ ಕಂಬದವರೆಗೆ ಅಂತ.

ಕೆಳಗಿನ ಕೇರಿ: ನಮ್ಮದು ಬಗರ್‌ಹುಕುಂ ಜಮೀನು ಅಣ್ಣಾ. ಪಹಣಿ ಇಲ್ಲ. ಹಂದಿ ನಮ್ಮ ಮರಗೆಣಸನ್ನೂ ಬಿಟ್ಟಿಲ್ಲ. ನಾವು ಬಂದು ಏನು ಮಾಡುವುದು?

ಗದ್ದೆಮನೆ: ಅಕ್ಕಾ, ನೀವು ಮೊದಲು ಬನ್ನಿ. ಪಹಣಿ ಇಲ್ಲದೆ ವಿಮೆ ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಬೇಲಿ ಹಾದುಹೋಗುವುದು ನಿಮ್ಮ ಜಮೀನಿನ ಹೊರಗಿನಿಂದಲೇ ಆಗಬೇಕು, ಒಳಗಿನಿಂದ ಅಲ್ಲ. ಗ್ರಾಮಸಭೆಯ ಠರಾವಿನಲ್ಲಿ ನಿಮ್ಮ ಹಾನಿಯನ್ನೂ ಬರೆಸುತ್ತೇವೆ.

ತೋಟದಮನೆ: ಮಂಗನಿಗೆ ಏನು?

ಕಟ್ಟೆಮನೆ: ಅದೇ ತಿದ್ದುಪಡಿಯಲ್ಲಿ ನಮ್ಮ ಕಡೆಯ ಮಂಗ ಒಂದನೇ ಪಟ್ಟಿಗೆ ಹೋಗಿದೆ. ಅದು ದೊಡ್ಡ ಮಾತು, ಬೇರೆ ದಿನ ಕೂರೋಣ.

ಗದ್ದೆಮನೆ: ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ವೈಲ್ಡ್ ಸೇವೆ ಅಂತ ಒಂದು ಕೆಲಸ ನಡೆದಿದೆ. ರೈತರು ಫೋನ್ ಮಾಡಿದರೆ ಹುಡುಗರು ಬಂದು ಫೋಟೋ, ಅಳತೆ, ಅರ್ಜಿ ಎಲ್ಲ ಮಾಡಿಕೊಡುತ್ತಾರೆ. ನಮ್ಮೂರಲ್ಲಿ ನಾವೇ ಅದನ್ನು ಮಾಡಿಕೊಳ್ಳಬಹುದು. ಭಾನುವಾರ ಬೆಳಿಗ್ಗೆ 10ಕ್ಕೆ ಶಾಲೆ ಜಗಲಿಯಲ್ಲಿ ಸೇರೋಣ. ಈ ಬೆಳೆಯಲ್ಲಿ ಆದ ಹಾನಿಯ ಅರ್ಜಿಗಳನ್ನು ಅಲ್ಲೇ ಬರೆದು, ಸೋಮವಾರ ಒಟ್ಟಿಗೆ ಹೋಗಿ ಕೊಡೋಣ. ಪಂಚಾಯ್ತಿಗೆ ಠರಾವಿನ ಮನವಿಯೂ ಅವತ್ತೇ. ಶಾಲೆ ಹಿಂದಿನ ಮನೆಯವರು ಆ್ಯಪ್ ಹಾಕಿಕೊಡುವ ಹುಡುಗರನ್ನು ಗೊತ್ತು ಮಾಡಲಿ.

ಶಾಲೆ ಹಿಂದಿನ ಮನೆ: ಆಯ್ತು. ನನ್ನ ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಬರುತ್ತಾರೆ. ಉರುಳು ಹುಡುಕಿ ತೆಗೆಯಲು ನಾಳೆ ಬೆಳಿಗ್ಗೆ ಯಾರಾದರೂ ನಾಲ್ಕು ಜನ ಕತ್ತಿ, ಇಕ್ಕಳ ತನ್ನಿ.

ಮೇಲಿನಕೇರಿ: ನಾನು ಬರುತ್ತೇನೆ.

ಹೊಳೆಬದಿ ಮನೆ: ಗಾರ್ಡ್ ಫೋನ್ ಎತ್ತಿದರು. ನಾಳೆ ಮಧ್ಯಾಹ್ನ ಬರುತ್ತಾರಂತೆ. ಅಲ್ಲಿಯವರೆಗೆ ಆ ಗದ್ದೆ ಕಡೆ ದನ ಬಿಡಬೇಡಿ. ಅಳತೆ ಟೇಪ್ ಇರುವವರು ಇದ್ದರೆ ಹೇಳಿ.