350 ಲೀಟರಿನ ಹವಳದ ತೊಟ್ಟಿಯಿಂದ 1000 ಲೀಟರಿನದಕ್ಕೆ: ಹಳೆಯದನ್ನು ಸಾಗಿಸುವುದು ಹೇಗೆ?

ಉಪ್ಪುನೀರು_ಜಯನಗರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಯನಗರದಲ್ಲಿರುವ ನಮ್ಮ ಮನೆಯ ಹಜಾರದಲ್ಲಿ ಕೆಲವು ವರ್ಷಗಳಿಂದ 350 ಲೀಟರಿನ ರೀಫ್ ಅಕ್ವೇರಿಯಂ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಟ್ಯಾಂಗ್ ಮೀನು, ಕೆಲವು ಸೀಗಡಿಗಳು ಇವೆ. ಹವಳಗಳಲ್ಲಿ ಲೆದರ್, ಮಶ್ರೂಮ್ ಮತ್ತು ಜೋಆಂಥಿಡ್ ಜಾತಿಯ ಮೆದು ಹವಳಗಳು ಮಾತ್ರ ಇವೆ. ಟ್ಯಾಂಗ್ ಈಗ ಸಾಕಷ್ಟು ಬೆಳೆದಿರುವುದರಿಂದ, ಈಜಲು ಉದ್ದನೆಯ ಜಾಗವಿಲ್ಲದೆ ಗಾಜಿನ ಒಂದೇ ಬದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಸುತ್ತುತ್ತಿರುತ್ತದೆ. ಹೀಗಾಗಿ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ ಮತ್ತು ಎರಡೂವರೆ ಅಡಿ ಎತ್ತರದ ಹೊಸ ತೊಟ್ಟಿಯನ್ನು ಮಾಡಿಸಲು ಯೋಚಿಸಿದ್ದೇನೆ.

ನೀರಿನ ಸ್ಥಿತಿ ಸದ್ಯಕ್ಕೆ ಹೀಗಿದೆ: ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣಾಂಶ 26 ಡಿಗ್ರಿ, ಆಲ್ಕಲಿನಿಟಿ (ನೀರು ಆಮ್ಲೀಯವಾಗದಂತೆ ತಡೆಯುವ ಕಾರ್ಬೊನೇಟ್ ಅಂಶ) 8 ಡಿಕೆಎಚ್, ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ), ಫಾಸ್ಫೇಟ್ 0.08 ಪಿಪಿಎಂ. ಹೊಸ ತೊಟ್ಟಿಯನ್ನು ಬೇರೆ ಗೋಡೆಯ ಬಳಿ ಇಡುವುದರಿಂದ ಎರಡನ್ನೂ ಕೆಲಕಾಲ ಒಟ್ಟಿಗೆ ನಡೆಸಲು ಸಾಧ್ಯವಿದೆ. ಹಳೆಯ ನೀರನ್ನೂ ಮರಳನ್ನೂ ಹಾಗೆಯೇ ಹೊಸದಕ್ಕೆ ಹಾಕಿದರೆ ಸೈಕಲ್ (ಮೀನಿನ ತ್ಯಾಜ್ಯವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಪ್ರಕ್ರಿಯೆ) ಮತ್ತೆ ಮೊದಲಿನಿಂದ ಆಗುವುದು ತಪ್ಪುತ್ತದೆಯೇ? ಬೇಸಿಗೆಗೆ ಚಿಲ್ಲರ್ (ನೀರು ತಣಿಸುವ ಯಂತ್ರ) ಬೇಕೇ ಬೇಕೇ ಅಥವಾ ಫ್ಯಾನುಗಳು ಸಾಕೇ? ಮುಂದೆ ಅಕ್ರೋಪೋರಾದಂತಹ ಗಟ್ಟಿ ಹವಳಗಳನ್ನೂ ಇಡಬೇಕೆಂಬ ಆಸೆಯಿದೆ. ನಮ್ಮ ಮನೆ ಮೊದಲನೆಯ ಮಹಡಿಯಲ್ಲಿದೆ, ಕೆಳಗೆ ಕಾರು ನಿಲ್ಲಿಸುವ ಜಾಗವಿದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಳೇಕಲ್ಲು_ಮಲ್ಲೇಶ್ವರ:

ಮಾನ್ಯರೇ, ನೀವು ಕೊನೆಯಲ್ಲಿ ಹೇಳಿದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ನೀವು ಕೊಟ್ಟ ಅಳತೆಯ ತೊಟ್ಟಿಯಲ್ಲಿ ಸುಮಾರು 1060 ಲೀಟರ್ ನೀರು ಹಿಡಿಯುತ್ತದೆ. ಗಾಜು, ಸ್ಟ್ಯಾಂಡ್, ಕಲ್ಲು ಮತ್ತು ಕೆಳಗೆ ಫಿಲ್ಟರ್ ಉಪಕರಣಗಳನ್ನಿಡುವ ಸಂಪಿನ ನೀರು ಎಲ್ಲವೂ ಸೇರಿದರೆ ತೂಕ ಒಂದೂವರೆ ಟನ್ನಿಗೆ ಬರುತ್ತದೆ. ಇಷ್ಟು ಭಾರ ಬೀಳುವುದು ಕೇವಲ 15 ಚದರ ಅಡಿಯ ಮೇಲೆ, ಅಂದರೆ ಚದರ ಮೀಟರಿಗೆ ಸುಮಾರು 1000 ಕಿಲೋಗ್ರಾಂ. ವಾಸದ ಕೋಣೆಗಳ ನೆಲವನ್ನು ನಮ್ಮಲ್ಲಿ ಕಟ್ಟಡಗಳ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಹೆಚ್ಚುಕಡಿಮೆ 200 ಕಿಲೋಗ್ರಾಂ ಭಾರವನ್ನು ಎಣಿಸಿ ವಿನ್ಯಾಸ ಮಾಡುತ್ತಾರೆ. ಆ ಲೆಕ್ಕ ಇಡೀ ಕೋಣೆಯ ಮೇಲೆ ಹರಡಿದ ಭಾರಕ್ಕೆ ಸಂಬಂಧಿಸಿದ್ದಾದ್ದರಿಂದ, ತೊಟ್ಟಿ ಇಟ್ಟ ಕೂಡಲೇ ಮೋಲ್ಡು ಕುಸಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯ ನಕ್ಷೆಯನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಬೀಮುಗಳು ಎಲ್ಲಿ ಹಾಯ್ದುಹೋಗಿವೆ ಎಂದು ತಿಳಿದು, ಸಾಧ್ಯವಾದರೆ ತೊಟ್ಟಿಯ ಉದ್ದ ಬೀಮಿನ ಮೇಲೆಯೇ ಬರುವಂತೆ ಇಡಬೇಕು. ಇದು ಆಗದ ಹೊರತು ಗಾಜಿಗೆ ಮುಂಗಡ ಕೊಡಬೇಡಿ.

ಇನ್ನು ಸೈಕಲ್ಲಿನ ಮಾತು. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಿರುವುದು ತೀರ ಕಡಿಮೆ. ಅವು ಇರುವುದು ಕಲ್ಲಿನ ಮೇಲ್ಮೈಗೆ ಅಂಟಿಕೊಂಡು. ಆದ್ದರಿಂದ ಹಳೆಯ ನೀರನ್ನು ಹೊತ್ತು ತಂದು ಸುರಿದರೆ ಹೊಸ ತೊಟ್ಟಿಗೆ ಸಿಗುವುದು ಹಳೆಯ ನೈಟ್ರೇಟ್ ಮತ್ತು ಫಾಸ್ಫೇಟ್ ಮಾತ್ರ. ಹವಳಗಳಿಗೆ ಬದಲಾವಣೆ ಒಮ್ಮೆಲೇ ಆಗದಿರಲಿ ಎಂಬ ಕಾರಣಕ್ಕೆ ಸ್ವಲ್ಪ ಹಳೆಯ ನೀರು ಬೆರೆಸಿದರೆ ತಪ್ಪೇನಿಲ್ಲ, ಆದರೆ ಸೈಕಲ್ ಉಳಿಯುವುದು ಕಲ್ಲುಗಳಿಂದಲೇ. ನಿಮ್ಮ ಮೀನುಗಳ ಸಂಖ್ಯೆ ಅಷ್ಟೇ ಇದ್ದು, ಕಲ್ಲುಗಳೆಲ್ಲವೂ ಒದ್ದೆಯಾಗಿಯೇ ಹೊಸ ತೊಟ್ಟಿಗೆ ಬಂದರೆ, ಅಮೋನಿಯಾ ಏರುವುದಕ್ಕೆ ಕಾರಣವೇ ಇರುವುದಿಲ್ಲ.

ಮರಳನ್ನು ಮಾತ್ರ ದಯವಿಟ್ಟು ಹಾಗೆಯೇ ಎತ್ತಿ ಹಾಕಬೇಡಿ. ವರ್ಷಗಟ್ಟಲೆ ಕದಡದೆ ಕುಳಿತ ಮರಳಿನ ತಳದಲ್ಲಿ ಕೊಳೆತ ತ್ಯಾಜ್ಯ ತುಂಬಿರುತ್ತದೆ. ಪದರ ದಪ್ಪವಾಗಿದ್ದರೆ ಆಮ್ಲಜನಕವಿಲ್ಲದ ಭಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಕಪ್ಪಾದ ಮರಳಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರಿಂದಲೇ. ತೊಟ್ಟಿ ಬದಲಿಸುವ ದಿನ ಮೀನುಗಳು ಸತ್ತವೆಂಬ ದೂರು ಕೇಳಿದಾಗ ನಾನು ಮೊದಲು ಅನುಮಾನಿಸುವುದು ಈ ಮರಳನ್ನೇ. ಹೊಸ ಅರಗೊನೈಟ್ ಮರಳನ್ನು ತೊಳೆದು ಹಾಕಿ, ಹಳೆಯದರ ಮೇಲ್ಪದರದಿಂದ ಒಂದು ಬಟ್ಟಲಿನಷ್ಟು ಮಾತ್ರ ತೆಗೆದುಕೊಂಡು ಅದರ ಮೇಲೆ ಹರಡಿದರೆ ಸಣ್ಣ ಹುಳುಗಳೂ ಕೋಪೆಪಾಡ್‌ಗಳೂ ಹೊಸ ಮನೆಗೆ ಬಂದಂತಾಗುತ್ತದೆ.

ಎರಡು ತೊಟ್ಟಿಗಳನ್ನೂ ಒಟ್ಟಿಗೆ ನಡೆಸುವ ಅನುಕೂಲ ನಿಮಗಿರುವುದರಿಂದ ಅವಸರ ಪಡುವ ಅಗತ್ಯವೇ ಇಲ್ಲ. ಹೊಸ ತೊಟ್ಟಿಗೆ ಮೊದಲು ಉಪ್ಪು ಬೆರೆಸದ ನೀರು ತುಂಬಿಸಿ ಸೋರಿಕೆ ನೋಡಿ, ಅನಂತರ ಆರ್‌ಒ ನೀರಿನಲ್ಲಿ ಉಪ್ಪು ಕದಡಿ ಒಂದು ವಾರ ಪಂಪ್, ಸ್ಕಿಮ್ಮರ್ (ನೊರೆಯ ಮೂಲಕ ತ್ಯಾಜ್ಯ ತೆಗೆಯುವ ಸಾಧನ) ಎಲ್ಲವನ್ನೂ ನಡೆಸಿ. ಮೊದಲ ತುಂಬುವಿಕೆಗೆ ಬ್ರ್ಯಾಂಡನ್ನು ಅವಲಂಬಿಸಿ 36ರಿಂದ 40 ಕಿಲೋ ಉಪ್ಪು ಬೇಕಾಗುತ್ತದೆ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿಯ ಪ್ರಮಾಣ ದ್ರಾವಣದಿಂದ ಸರಿಹೊಂದಿಸಿಕೊಳ್ಳಿ. ಬರೀ ಆರ್‌ಒ ನೀರಿನಿಂದ ಸೊನ್ನೆಗೆ ತಂದರೆ ಮೇಲಿನ ಅಳತೆ ಸರಿಯಾಗಿದೆ ಎಂಬ ಭರವಸೆ ಇರುವುದಿಲ್ಲ. ಲವಣಾಂಶವೂ ಉಷ್ಣಾಂಶವೂ ಎರಡೂ ಕಡೆ ಒಂದೇ ಆದ ಮೇಲೆ ಕಲ್ಲು ಮತ್ತು ಹವಳಗಳನ್ನು ಸಾಗಿಸಿ, ಮೀನುಗಳನ್ನು ಕೊನೆಗೆ ತನ್ನಿ. ಕಲ್ಲಿನ ಮೇಲೆ ಸ್ಪಂಜುಗಳಿದ್ದರೆ ಅವು ಗಾಳಿಗೆ ಒಡ್ಡಿಕೊಂಡಾಗ ಸಾಯುವ ಸಾಧ್ಯತೆ ಹೆಚ್ಚು, ಹಾಗಾಗಿ ಅಂಥ ಕಲ್ಲನ್ನು ನೀರು ತುಂಬಿದ ಬಕೆಟ್ಟಿನಲ್ಲಿಯೇ ಒಯ್ಯಬೇಕು.

ಸಾಗಿಸಿದ ನಂತರದ ಒಂದು ಅಪಾಯವನ್ನು ಯಾರೂ ಮುಂಚೆ ಹೇಳುವುದಿಲ್ಲ. ನೀರು ಮೂರು ಪಟ್ಟು, ಮೀನು ಅಷ್ಟೇ, ಸ್ಕಿಮ್ಮರ್ ಮಾತ್ರ ದೊಡ್ಡದು: ಹೀಗಾದಾಗ ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಗೆ ಇಳಿದು, ಗುಳ್ಳೆಗಳಿರುವ ಕಂದು ಲೋಳೆಯಂತೆ ಕಾಣುವ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲ್ಲೇಟ್‌ಗಳು ಮರಳನ್ನೂ ಹವಳವನ್ನೂ ಮುಚ್ಚಿಬಿಡುತ್ತವೆ. ನೀರು ಸ್ವಚ್ಛವಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ನೈಟ್ರೇಟ್ 5ರ ಆಸುಪಾಸಿನಲ್ಲಿ, ಫಾಸ್ಫೇಟ್ 0.05ರ ಆಸುಪಾಸಿನಲ್ಲಿ ಇರಲಿ. ಕಡಿಮೆಯಾದರೆ ಸ್ಕಿಮ್ಮರನ್ನು ಕೆಲವು ಗಂಟೆ ನಿಲ್ಲಿಸಿ ಅಥವಾ ಆಹಾರವನ್ನು ತುಸು ಹೆಚ್ಚಿಸಿ.

ಕರಾವಳಿಗ_ಮಂಗಳೂರು:

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಚಿಲ್ಲರಿನ ವಿಷಯದಲ್ಲಿ ಬೆಂಗಳೂರಿನವರಿಗೆ ನಮಗಿಲ್ಲದ ಒಂದು ಅನುಕೂಲವಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಶಾಖವನ್ನು ಹೀರಿಕೊಂಡು ಹೋಗುತ್ತದೆ. 1000 ಲೀಟರ್ ಸಮುದ್ರದ ನೀರನ್ನು ಒಂದು ಡಿಗ್ರಿ ತಣಿಸಲು ಬೇಕಾದದ್ದು ಸುಮಾರು 4100 ಕಿಲೋಜೂಲ್. ಅಂದರೆ ಎರಡು ಲೀಟರಿಗಿಂತ ಕಡಿಮೆ ನೀರು ಆವಿಯಾದರೂ ಒಂದು ಡಿಗ್ರಿ ಇಳಿಯಬೇಕು. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಬೆಂಗಳೂರಿನ ಒಣಗಾಳಿಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನುಗಳು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ನಮಗೆ ಚಿಲ್ಲರ್ ಬಿಟ್ಟು ಗತಿಯಿಲ್ಲ. ಫ್ಯಾನು ಹಾಕಿ ಒಂದು ಬೇಸಿಗೆ ಗಮನಿಸಿ. ನೀರು 28 ಡಿಗ್ರಿ ದಾಟಿ ನಿಲ್ಲುತ್ತಿದ್ದರೆ ಮಾತ್ರ ಚಿಲ್ಲರ್ ಕೊಳ್ಳಿ, ಆದರೆ ಅದರ ಕೊಳವೆಗೂ ತಂತಿಗೂ ಜಾಗವನ್ನು ಈಗಲೇ ಬಿಟ್ಟಿರಿ.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿದುಬಿಡುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದ ತುಂಬುವ ಸ್ವಯಂಚಾಲಿತ ಉಪಕರಣ ಈ ಗಾತ್ರಕ್ಕೆ ಅನಿವಾರ್ಯ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನಕ್ಕೆ ಆರ್‌ಒ ಪೊರೆ ಬೇಗ ಕೆಡುತ್ತದೆ, ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹೀಗಾಗಿ ಮೊದಲಿಗೆ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್, ಆಮೇಲೆ ಆರ್‌ಒ, ಕೊನೆಗೆ ಉಳಿದ ಲವಣದ ಅಯಾನುಗಳನ್ನು ಹಿಡಿಯುವ ಡಿಐ ರಾಳ ಇದ್ದು ಟಿಡಿಎಸ್ (ನೀರಿನಲ್ಲಿ ಕರಗಿದ ಘನವಸ್ತುಗಳ ಅಳತೆ) ಸೊನ್ನೆ ತೋರಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಖನಿಜ ಬೆರೆಸುವ ವ್ಯವಸ್ಥೆಯಿರುವುದರಿಂದ ಅವು ಇದಕ್ಕೆ ಒಗ್ಗುವುದಿಲ್ಲ. ನೂರು ಲೀಟರ್ ಶುದ್ಧ ನೀರಿಗೆ ಮುನ್ನೂರು, ನಾನೂರು ಲೀಟರ್ ವ್ಯರ್ಥವಾಗಿ ಹೊರಬೀಳಬಹುದು. 2024ರ ಬೇಸಿಗೆಯನ್ನು ಕಂಡ ಊರಿನಲ್ಲಿ ಅದನ್ನು ಚರಂಡಿಗೆ ಬಿಡಲು ಮನಸ್ಸಾಗದು, ನೆಲ ಒರೆಸಲು ಮತ್ತು ಶೌಚಾಲಯಕ್ಕೆ ಒಂದು ಡ್ರಮ್ಮಿನಲ್ಲಿ ಹಿಡಿದಿಡಿ.

ಈಗ ಗಟ್ಟಿ ಹವಳಗಳ ಆಸೆಯ ಬಗ್ಗೆ. ಹವಳದ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಯಾವ ಅನುಸೂಚಿಯೋ ಅಕ್ರೋಪೋರಾಕ್ಕೂ ಅದೇ ಅನುಸೂಚಿ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ತೆಗೆದ ಹವಳವನ್ನು, ಅದು ಜೀವಂತವಿರಲಿ, ಸತ್ತ ಕಲ್ಲೇ ಆಗಿರಲಿ, ಕೊಳ್ಳುವುದು ಅಪರಾಧವಾಗುತ್ತದೆ. ವಿದೇಶದಿಂದ ಬಂದದ್ದು ಎಂದು ಅಂಗಡಿಯವರು ಹೇಳುವುದುಂಟು. ಗಟ್ಟಿ ಹವಳಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿಯೂ ಇರುವುದರಿಂದ ಅವರು ಆಮದಿನ ಕಾಗದಪತ್ರ ತೋರಿಸಬೇಕು. ಕಾಗದ ತೋರಿಸಿದರೂ ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ ಪಡೆಯದೆ ನಾನಂತೂ ಮನೆಗೆ ತರುವುದಿಲ್ಲ. ಸೈನುಲೇರಿಯಾ, ಸಾರ್ಕೋಫೈಟನ್‌ನಂತಹ ಮೆದು ಹವಳಗಳು ಆ ಅನುಸೂಚಿಯಲ್ಲಿಲ್ಲ, ಮತ್ತು ಸಾವಿರ ಲೀಟರಿನಲ್ಲಿ ಅವು ಬೆಳೆದು ಅಲುಗಾಡುವಾಗ ಯಾವ ಗಟ್ಟಿ ಹವಳದ ಕೊರತೆಯೂ ಕಾಣುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಮೀನು ಬೇಕೆನಿಸಿದರೆ ಸಾಕಣೆಯಲ್ಲಿ ಹುಟ್ಟಿದ ಕ್ಲೌನ್‌ಗಳನ್ನೇ ಕೇಳಿ. ಅವುಗಳ ಮರಿ ಮಾಡಿಸುವ ತಂತ್ರಜ್ಞಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಬೆಳೆಸಿದೆ.

ಮೆದು ಹವಳಗಳಿಗೆ ನಿಲ್ಲುವುದರಿಂದ ಇನ್ನೊಂದು ಲಾಭವಿದೆ. ಅವು ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿಯನ್ನು ಬಳಸುವುದು ಅತ್ಯಲ್ಪವಾದ್ದರಿಂದ ದುಬಾರಿ ಡೋಸಿಂಗ್ ಯಂತ್ರಗಳು ಬೇಕಾಗುವುದಿಲ್ಲ. ಆಲ್ಕಲಿನಿಟಿ ಇಳಿದರೂ 1000 ಲೀಟರನ್ನು ಒಂದು ಡಿಕೆಎಚ್ ಏರಿಸಲು ಸುಮಾರು 30 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಸಾಕು, ಅದನ್ನೂ ಒಂದೇ ದಿನದಲ್ಲಿ ಅದಕ್ಕಿಂತ ಹೆಚ್ಚು ಏರಿಸಬಾರದು.

ಉಪ್ಪುನೀರು_ಜಯನಗರ:

ಇಬ್ಬರಿಗೂ ಧನ್ಯವಾದಗಳು. ಎಂಜಿನಿಯರನ್ನು ಕಾಣುವವರೆಗೆ ಗಾಜಿನವರಿಗೆ ತಡೆಯಲು ಹೇಳಿದ್ದೇನೆ, ಗಟ್ಟಿ ಹವಳದ ಯೋಚನೆಯನ್ನು ಕೈಬಿಟ್ಟಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಹಳೆಯ ಕಲ್ಲುಗಳ ಮೇಲೆ ಜೋಆಂಥಿಡ್‌ಗಳು ಬೇಡವಾದ ಕಡೆಯೆಲ್ಲ ಹಬ್ಬಿವೆ, ಐಪ್ಟೇಸಿಯಾ ಎಂಬ ಕಳೆಯಂತೆ ಹಬ್ಬುವ ಸೀ ಅನಿಮೋನ್ ಕೂಡ ಇದೆ. ಆ ಕೆಲವು ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ಹಾಕಿ ಶುದ್ಧ ಮಾಡಬಹುದೇ? ಕರೆಂಟು ಹೋದಾಗ ಇಷ್ಟು ದೊಡ್ಡ ತೊಟ್ಟಿಯನ್ನು ಉಳಿಸಿಕೊಳ್ಳುವುದು ಹೇಗೆ?

ಹಳೇಕಲ್ಲು_ಮಲ್ಲೇಶ್ವರ:

ಕುದಿಸುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ಜೋಆಂಥಿಡ್‌ಗಳಲ್ಲಿ, ಮುಖ್ಯವಾಗಿ ಪಾಲಿಥೋವಾ ಜಾತಿಗಳಲ್ಲಿ, ಪಾಲಿಟಾಕ್ಸಿನ್ ಎಂಬ ವಿಷವಿರಬಹುದು. ಹವಾಯಿಯ ಪಾಲಿಥೋವಾದಿಂದ 1971ರಲ್ಲಿ ಬೇರ್ಪಡಿಸಿದ ಈ ವಿಷ, ಪ್ರಕೃತಿಯಲ್ಲಿ ಸಿಗುವ ಅತ್ಯಂತ ತೀವ್ರವಾದ ವಿಷಗಳಲ್ಲಿ ಒಂದು. ಇಂಥ ಕಲ್ಲನ್ನು ಕುದಿಸಿದಾಗ ಅಥವಾ ಬಿಸಿನೀರಿನಿಂದ ಉಜ್ಜಿದಾಗ ಏಳುವ ಆವಿಯನ್ನು ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಕಲ್ಲನ್ನು ನೀರಿನೊಳಗೇ ಇಟ್ಟು, ಜೋಆಂಥಿಡ್ ಇಲ್ಲದ ಜಾಗದಲ್ಲಿ ಒಡೆದು ಬೇರೆ ಮಾಡಿ, ಬ್ರಷ್ಷಿನಿಂದ ಕೆರೆಯಬೇಡಿ. ಐಪ್ಟೇಸಿಯಾಕ್ಕೆ ಪೆಪ್ಪರ್‌ಮಿಂಟ್ ಸೀಗಡಿಗಳನ್ನು ಬಿಟ್ಟು ನೋಡಿ.

ಕರೆಂಟು ಹೋದಾಗ ಮೀನುಗಳಿಗೆ ಮೊದಲು ಕೊರತೆಯಾಗುವುದು ಆಮ್ಲಜನಕ, ಬಿಸಿಲು ಸೆಕೆಗಳು ಆಮೇಲೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುಭಾರ ಕಡಲತೀರಕ್ಕಿಂತ ಹತ್ತನೆಯ ಒಂದು ಭಾಗ ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮನೆಯ ಇನ್ವರ್ಟರಿಗೆ ಎಲ್ಲವನ್ನೂ ಜೋಡಿಸದೆ, ನೀರಿನ ಮೇಲ್ಮೈಯನ್ನು ಕದಡುವ ವೇವ್‌ಮೇಕರ್ ಮತ್ತು ಸಂಪಿನ ನೀರನ್ನು ಮೇಲೆತ್ತುವ ರಿಟರ್ನ್ ಪಂಪ್ ಮಾತ್ರ ಜೋಡಿಸಿ. ಇವೆರಡೂ ಸೇರಿ 80 ವಾಟ್ ಎಳೆದರೆ, 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದವರೆಗೆ ಮಾತ್ರ ಬಳಸಿದರೂ ಎಂಟರಿಂದ ಹತ್ತು ಗಂಟೆ ನಡೆಯುತ್ತವೆ. ದೀಪ, ಸ್ಕಿಮ್ಮರ್ ಮತ್ತು ಚಿಲ್ಲರ್ ನಿಂತಿದ್ದರೂ ಆ ಹೊತ್ತು ಕಳೆಯುತ್ತದೆ. ಪ್ಲಗ್ಗುಗಳ ಮುಂದೆ ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ತಂತಿಗಳು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತಿದ್ದರೆ ಅವುಗಳ ಮೇಲೆ ಹರಿದುಬರುವ ನೀರು ಸಾಕೆಟ್ಟನ್ನು ಮುಟ್ಟುವುದಿಲ್ಲ.

ಪಂಪ್ ನಿಂತ ಕೂಡಲೇ ರಿಟರ್ನ್ ಕೊಳವೆಯ ಮೂಲಕ ಮೇಲಿನ ನೀರು ಹಿಂದಕ್ಕೆ ಸಂಪಿಗೆ ಇಳಿಯುತ್ತದೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ತೊಟ್ಟಿಯಲ್ಲಿ ಮಟ್ಟ ಒಂದೇ ಅಂಗುಲ ಇಳಿದರೂ ಅದು ಸುಮಾರು 35 ಲೀಟರ್. ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ತುಸುವೇ ಕೆಳಗಿರಲಿ. ನೀರಿಗೆ ತಾಗಿದಂತೆ ಅದರಲ್ಲಿ ಒಂದು ಸಣ್ಣ ರಂಧ್ರ ಕೊರೆದರೆ ಗಾಳಿ ಒಳಹೊಕ್ಕು ಸೈಫನ್ ಮುರಿಯುತ್ತದೆ. ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟವನ್ನು ನಂಬಬೇಡಿ, ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಮೀನು ಬಿಡುವ ಮೊದಲು ಪಂಪನ್ನು ಬೇಕೆಂದೇ ನಿಲ್ಲಿಸಿ, ಇಳಿಯುವ ನೀರೆಲ್ಲ ಇಳಿದ ಮೇಲೂ ಸಂಪಿನ ಅಂಚಿಗೆ ನಾಲ್ಕು ಬೆರಳು ಜಾಗ ಉಳಿಯುವಷ್ಟು ನೀರನ್ನು ತೆಗೆದುಹಾಕಿ. ಆಮೇಲೆ ಪಂಪ್ ಮತ್ತೆ ನಡೆಯುವಾಗ ಸಂಪಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಆವಿಯಾದ ನೀರು ತುಂಬುವ ಸ್ವಯಂಚಾಲಿತ ಉಪಕರಣದ ಸಂವೇದಕವನ್ನು ಆ ಗೆರೆಗಿಂತ ಮೇಲೆ ಕೂರಿಸಬೇಡಿ.